ಏಳು ನಿಮಿಷದ ಪ್ರಾಸ್ತಾವಿಕ ಮಾತು: ಮೈಕ್ ಮುಂದೆ ನಡುಕ ಬಂದರೆ ಏನು ಮಾಡೋದು?

ಗೋಣಿಬೀಡು ತೋಟ

ನಮಸ್ಕಾರ. ನಮ್ಮ ಹೋಬಳಿ ಬೆಳೆಗಾರರ ಸಭೆಯಲ್ಲಿ ಪ್ರಾಸ್ತಾವಿಕ ಮಾತಾಡೋ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಇನ್ನು ಮೂರು ವಾರ ಇದೆ. ಮೂಡಿಗೆರೆಯ ಒಂದು ಕಲ್ಯಾಣ ಮಂಟಪ, ಸುಮಾರು 150 ಜನ, ವಿಷಯ ಕಾಫಿಗೆ ಬೀಳೋ ಬೆರಿ ಬೋರರ್, ಅಂದ್ರೆ ಹಣ್ಣು ಕೊರೆಯೋ ಹುಳು. ಕೊಟ್ಟಿರೋದು ಏಳು ನಿಮಿಷ. ವೇದಿಕೆ ಮೇಲೆ ಶಾಸಕರು, ಕಾಫಿ ಬೋರ್ಡಿನ ಅಧಿಕಾರಿ, ಬಾಳೆಹೊನ್ನೂರು ಸಂಶೋಧನಾ ಕೇಂದ್ರದ ವಿಜ್ಞಾನಿ ಇರ್ತಾರೆ.

ವಿಷಯ ಗೊತ್ತು. ತೋಟದಲ್ಲಿ ಹತ್ತು ಜನ ನಿಂತಿದ್ರೆ ಆರಾಮಾಗಿ ಹೇಳ್ತೀನಿ. ಮೈಕ್ ಮುಂದೆ ನಿಂತ್ರೆ ಮಾತ್ರ ಎದೆ ಹೊಡ್ಕೊಳ್ಳುತ್ತೆ, ಬಾಯಿ ಒಣಗುತ್ತೆ, ಕೈಲಿರೋ ಕಾಗದ ಎದುರಿಗೆ ಕೂತವರಿಗೆ ಕಾಣೋ ಹಾಗೆ ನಡುಗುತ್ತೆ. "ಧೈರ್ಯವಾಗಿ ಮಾತಾಡಿ ಮಾರಾಯ್ರೆ" ಅನ್ನೋರು ಊರು ತುಂಬ ಇದ್ದಾರೆ, ಆ ಸಲಹೆ ಬೇಡ. ಬಾಯಿಪಾಠ ಮಾಡ್ಬೇಕಾ, ನೋಡಿಕೊಂಡು ಓದ್ಬೇಕಾ? ನಡುಕಕ್ಕೆ ಏನು ದಾರಿ? ಮೈಕ್ ಎಷ್ಟು ದೂರ ಇರಬೇಕು? ಗೊತ್ತಿದ್ದವರು ಬಿಡಿಸಿ ಹೇಳಿ.

ಕೊಪ್ಪದ ಮೇಷ್ಟ್ರು

ಎದೆ ಹೊಡೆತ, ಒಣಬಾಯಿ, ನಡುಕ ಮೂರಕ್ಕೂ ಮೂಲ ಒಂದೇ, ಅಡ್ರಿನಲಿನ್. ಅಪಾಯ ಬಂತು ಎಂದು ಮೆದುಳು ಎಣಿಸಿದ ಕೂಡಲೇ ಇದು ರಕ್ತಕ್ಕೆ ಇಳಿಯುತ್ತದೆ. ಓಡಲು, ಹೊಡೆದಾಡಲು ಬೇಕಾದ ಸ್ನಾಯುಗಳಿಗೆ ರಕ್ತ ಹೆಚ್ಚು ಹರಿಯುತ್ತದೆ, ಜೀರ್ಣದ ಕೆಲಸ ನಿಲ್ಲುವುದರಿಂದ ಎಂಜಲು ಕಡಿಮೆಯಾಗುತ್ತದೆ. ಓಡದೆ ನಿಂತೇ ಇದ್ದರೆ ಬಿಗಿದ ಸ್ನಾಯು ನಡುಗುತ್ತದೆ. ಗಂಟಲಿನ ಸ್ನಾಯುವೂ ಬಿಗಿಯುವುದರಿಂದ ದನಿ ಒಂದು ಮೆಟ್ಟಿಲು ಮೇಲೇರಿ ತೆಳುವಾಗುತ್ತದೆ. ನೀವು ಹೇಡಿ ಎಂದು ಇದರಿಂದ ಏನೂ ಸಿದ್ಧವಾಗುವುದಿಲ್ಲ.

ಮುಖ್ಯ ಸಂಗತಿ ಬೇರೆ ಇದೆ. ಈ ಉಬ್ಬರ ಹೆಚ್ಚಿನವರಿಗೆ ತುತ್ತತುದಿ ಮುಟ್ಟುವುದು ಹೆಸರು ಕರೆಯುವ ಹೊತ್ತಿಗೆ ಮತ್ತು ಮಾತಿನ ಮೊದಲ ಒಂದೆರಡು ನಿಮಿಷದಲ್ಲಿ. ಆಮೇಲೆ ತಾನಾಗಿ ಇಳಿಯುತ್ತದೆ. ಆದ್ದರಿಂದ ಭಯ ಓಡಿಸುವುದಕ್ಕೆ ಮೂರು ವಾರ ಕಳೆಯಬೇಡಿ. ಭಯ ಇದ್ದರೂ ಕೆಡದ ಹಾಗೆ ಮೊದಲ ನಿಮಿಷವನ್ನು ಕಟ್ಟಿಕೊಳ್ಳಿ.

ಬಾಯಿಪಾಠವೋ ಓದುವುದೋ ಎಂದಿರಿ. ಎರಡೂ ಪೂರ್ತಿ ಬೇಡ. ಏಳು ನಿಮಿಷವನ್ನೂ ಕಂಠಪಾಠ ಮಾಡಿದವರಿಗೆ ಒಂದು ಪದ ಜಾರಿದರೆ ಮುಂದಿನದೆಲ್ಲ ಜಾರುತ್ತದೆ, ಏಕೆಂದರೆ ನೆನಪಿರುವುದು ವಿಷಯವಲ್ಲ, ಪದಗಳ ಸಾಲು. ಪೂರ್ತಿ ಓದಿದರೆ ತಲೆ ಬಗ್ಗುತ್ತದೆ, ದನಿ ಕಾಗದಕ್ಕೆ ಬೀಳುತ್ತದೆ, ಓದುವ ರಾಗ ಬರುತ್ತದೆ. ಮೊದಲ ಮೂರು ವಾಕ್ಯ ಮತ್ತು ಕೊನೆಯ ಎರಡು ವಾಕ್ಯ ಮಾತ್ರ ಅಕ್ಷರಶಃ ಬಾಯಿಗೆ ಬರಲಿ. ನಡುವಿನದಕ್ಕೆ ಅಂಶಗಳ ಚೀಟಿ ಸಾಕು.

ಚೀಟಿಗೆ ಎ4 ಹಾಳೆ ಬೇಡವೇ ಬೇಡ. ಬೆರಳಿನ ಸಣ್ಣ ನಡುಕ ತೆಳು ಹಾಳೆಯ ತುದಿಯಲ್ಲಿ ದೊಡ್ಡದಾಗಿ ಕಾಣುತ್ತದೆ, ಮೈಕಿನಲ್ಲಿ ಪರಪರ ಸದ್ದೂ ಬರುತ್ತದೆ. ಹಳೆಯ ಲಗ್ನಪತ್ರಿಕೆಯ ಖಾಲಿ ಬದಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಂಗೈ ಅಗಲಕ್ಕೆ ಕತ್ತರಿಸಿ, ಒಂದು ಕಾರ್ಡಿಗೆ ಒಂದೇ ಅಂಶ, ನಾಲ್ಕೈದು ಪದ, ಕೈಯಳತೆಯಿಂದ ಓದುವಷ್ಟು ದಪ್ಪ ಅಕ್ಷರ. ಅಂಕಿ, ಇಸವಿ, ಹೆಸರು ಇದ್ದರೆ ಪೂರ್ತಿ ಬರೆಯಿರಿ. ಗಾಬರಿಯಲ್ಲಿ ಮೊದಲು ಕೈಕೊಡುವುದು ಅವೇ. ಮೂಲೆಯಲ್ಲಿ 1, 2, 3 ಎಂದು ಸಂಖ್ಯೆ ಹಾಕಿ. ಕೆಳಗೆ ಬಿದ್ದರೆ ಜೋಡಿಸಲು ಬೇಕಾಗುತ್ತದೆ.

ಸಮಯದ ಲೆಕ್ಕ: ಕೊಟ್ಟಿದ್ದು ಏಳಾದರೆ ಸಿದ್ಧತೆ ಆರು ನಿಮಿಷಕ್ಕೆ. ಆರಂಭಕ್ಕೆ 40 ಸೆಕೆಂಡು, ಒಂದೂವರೆ ನಿಮಿಷದ ಮೂರು ಅಂಶ, ಮುಕ್ತಾಯಕ್ಕೆ 40 ಸೆಕೆಂಡು. ನಾಲ್ಕನೆಯ ಅಂಶ ಎಷ್ಟೇ ಚೆನ್ನಾಗಿದ್ದರೂ ಬಿಡಿ. ನಿಮಿಷಕ್ಕೆ 130ರಿಂದ 150 ಪದ ಎಂಬ ಲೆಕ್ಕ ಅಲ್ಲಲ್ಲಿ ಸಿಗುತ್ತದೆ, ಅದು ಇಂಗ್ಲಿಷಿನದು. ವಿಭಕ್ತಿ, ಪ್ರತ್ಯಯ ಎಲ್ಲ ಸೇರಿ ನಮ್ಮ ಪದಗಳು ಉದ್ದ, ಸಂಖ್ಯೆ ಅದಕ್ಕಿಂತ ಸಾಕಷ್ಟು ಕಡಿಮೆ ಬರುತ್ತದೆ. ಎದ್ದು ನಿಂತು ಒಂದು ನಿಮಿಷ ಜೋರಾಗಿ ಮಾತಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಎಣಿಸಿ. ಅದೇ ನಿಮ್ಮ ವೇಗ.

ಅಭ್ಯಾಸ ಯಾವಾಗಲೂ ನಿಂತು, ದನಿ ಎತ್ತಿ. ಮನಸ್ಸಿನಲ್ಲೇ ಓದಿಕೊಂಡದ್ದು ಅಭ್ಯಾಸವಲ್ಲ. ಉಸಿರು ಎಲ್ಲಿ ಸಾಲದಾಗುತ್ತದೆ, ಯಾವ ಪದಕ್ಕೆ ನಾಲಿಗೆ ತೊಡರುತ್ತದೆ ಎನ್ನುವುದು ಬಾಯಿ ತೆರೆದಾಗಲೇ ತಿಳಿಯುವುದು. ಮೊದಲ ವಾರ ಒಬ್ಬರೇ. ಎರಡನೆಯ ವಾರ ಮನೆಯವರು ಇಬ್ಬರು ಮೂವರ ಎದುರು. ಕಾಫಿ ಕಣ ಖಾಲಿ ಇದ್ದರೆ ಒಬ್ಬರನ್ನು 50 ಅಡಿ ದೂರ ನಿಲ್ಲಿಸಿ, ಮೈಕಿಲ್ಲದೆ ಅವರಿಗೆ ಕೇಳುವ ಹಾಗೆ ಹೇಳಿ. ಕಿರುಚಬೇಡಿ, ವಾಕ್ಯದ ಕೊನೆಯ ಪದವನ್ನು ನುಂಗದಿದ್ದರೆ ಸಾಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದು ನುಂಗಿಹೋದರೆ ಮಾಡಬೇಕೋ ಮಾಡಬಾರದೋ ಎನ್ನುವುದೇ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ. ಮೂರನೆಯ ವಾರ ಸಾಧ್ಯವಾದರೆ ಅದೇ ಮಂಟಪಕ್ಕೆ ಹೋಗಿ, ಅದೇ ಜಾಗದಲ್ಲಿ ನಿಂತು ಎರಡು ಸಲ.

ಆ ದಿನ ಹೆಸರು ಕರೆಯುವ ಮುಂಚೆ ಕುರ್ಚಿಯಲ್ಲೇ ಕೂತು, ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ತೆಗೆದುಕೊಳ್ಳಿ, ಆರು ಎಣಿಸುವಷ್ಟು ಬಿಡಿ. ಹತ್ತು ಸುತ್ತಿಗೆ ಎರಡು ನಿಮಿಷವೂ ಆಗುವುದಿಲ್ಲ. ಬಿಡುವ ಉಸಿರು ಉದ್ದವಾದಾಗ ವೇಗಸ್ ನರದ ಮೂಲಕ ಎದೆಬಡಿತ ನಿಧಾನವಾಗುತ್ತದೆ. ಆತುರದಲ್ಲಿ ದೊಡ್ಡ ದೊಡ್ಡ ಉಸಿರು ಎಳೆದರೆ ಉಲ್ಟಾ, ತಲೆ ಸುತ್ತುತ್ತದೆ. ಮೀನಖಂಡವನ್ನು ಐದು ಸೆಕೆಂಡು ಬಿಗಿದು ಬಿಡಿ, ಮೂರು ನಾಲ್ಕು ಸಲ. ಓಡಲು ಕಾದಿದ್ದ ಸ್ನಾಯುವಿಗೆ ಅಷ್ಟಾದರೂ ಕೆಲಸ ಸಿಗಲಿ. ಬಾಯಿ ಒಣಗಿದರೆ ಸಾದಾ ನೀರು ಒಂದು ಗುಟುಕು. ನೀರು ಹತ್ತಿರ ಇಲ್ಲದಿದ್ದರೆ ನಾಲಿಗೆಯ ಅಂಚನ್ನು ಹಲ್ಲಿನಿಂದ ಮೆಲ್ಲಗೆ ಒತ್ತಿದರೂ ಎಂಜಲು ಬರುತ್ತದೆ.

ಬೆಳೆಗಾರರ ಸಭೆಯಲ್ಲಿ ಇದನ್ನು ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ, ಆದರೂ: ಮಂಟಪದಲ್ಲಿ ಕೊಡುವ ಕಾಫಿಯನ್ನು ಮಾತು ಮುಗಿಯುವ ತನಕ ಮುಟ್ಟಬೇಡಿ. ಕೆಫೀನ್ ಎದೆಬಡಿತವನ್ನೂ ನಡುಕವನ್ನೂ ಹೆಚ್ಚಿಸುತ್ತದೆ. ದಿನಾ ಬೆಳಿಗ್ಗೆ ಕುಡಿಯುವವರು ಆ ಲೋಟವನ್ನು ಬಿಡಬೇಕಿಲ್ಲ, ಬಿಟ್ಟರೆ ತಲೆನೋವು ಅಂಟಿಕೊಳ್ಳಬಹುದು.

ಹಾಸನ ಸೌಂಡ್ಸ್

ಮೈಕ್ ವಿಚಾರ ಮಾತ್ರ ಹೇಳ್ತೀನಿ.

ಕಲ್ಯಾಣ ಮಂಟಪದಲ್ಲಿ ಕೊಡೋದು ಸಾಮಾನ್ಯವಾಗಿ ಡೈನಮಿಕ್ ಮೈಕ್. ಎದುರಿನ ಸದ್ದು ಹಿಡಿಯುತ್ತೆ, ಹಿಂದಿನದನ್ನ ಆದಷ್ಟು ಬಿಡುತ್ತೆ. ಬಾಯಿಂದ ನಾಲ್ಕರಿಂದ ಆರು ಬೆರಳು ದೂರ ಇರಲಿ. ದೂರ ಎರಡು ಪಟ್ಟಾದ್ರೆ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತೆ. ಹೆದರಿದವರು ಮಾಡೋದೇ ಇದು: ಒಂದೊಂದೇ ಹೆಜ್ಜೆ ಹಿಂದೆ ಸರೀತಾರೆ, ಆಪರೇಟರ್ ವಾಲ್ಯೂಮ್ ಏರಿಸ್ತಾನೆ, ಮೈಕ್ ಕುಂಯ್ ಅನ್ನುತ್ತೆ, ಇವರು ಇನ್ನೂ ಹೆದರ್ತಾರೆ. ಬಾಯಿಗೆ ನೇರ ಇಡಬೇಡಿ, ಸ್ವಲ್ಪ ಓರೆಯಾಗಿ ಗಲ್ಲದ ಕಡೆಯಿಂದ ಇಡಿ. ಪ, ಫ, ಬ, ಭ ಬಂದಾಗ ಗಾಳಿ ನೇರ ಬಡಿದು ಡಬ್ ಅನ್ನೋದು ತಪ್ಪುತ್ತೆ. "ಬೆರಿ ಬೋರರ್" ಅಂತ ಏಳು ನಿಮಿಷ ಹೇಳೋರು ನೀವು, ಇದನ್ನ ಮರೀಬೇಡಿ.

ಜಾಲರಿ ತಲೆಯನ್ನ ಮುಷ್ಟಿಯಲ್ಲಿ ಮುಚ್ಚಿ ಹಿಡಿಯೋ ಸ್ಟೈಲ್ ಬೇಡ. ಮುಚ್ಚಿದ್ರೆ ಹಿಂದಿನ ಸದ್ದು ಬಿಡೋ ಗುಣ ಹಾಳಾಗಿ ಸ್ಪೀಕರ್ ಸದ್ದೆಲ್ಲ ಒಳಗೆ ಬರುತ್ತೆ. ಸ್ಪೀಕರ್ ಬಾಕ್ಸ್ ಮುಂದೆ ಹೋಗಿ ನಿಲ್ಲಬೇಡಿ. ಊದಬೇಡಿ, ತಟ್ಟಬೇಡಿ, "ಹಲೋ ಹಲೋ ಮೈಕ್ ಟೆಸ್ಟಿಂಗ್" ಸಭೆ ಶುರುವಾಗೋಕೆ ಮುಂಚೆ ಮುಗಿದಿರಲಿ. ಅಕ್ಕಪಕ್ಕದ ಗಣ್ಯರ ಕಡೆ ಕತ್ತು ತಿರುಗಿಸಿ "ಸನ್ಮಾನ್ಯ" ಅಂದ್ರೆ ಆ ಪದ ಮೈಕಿಗೆ ಬೀಳಲ್ಲ. ಕೈಮೈಕ್ ಆದ್ರೆ ಅದೂ ಮುಖದ ಜೊತೆ ತಿರುಗಬೇಕು. ಸ್ಟ್ಯಾಂಡ್ ಆದ್ರೆ ಪಕ್ಕಕ್ಕೆ ಸರಿದು, ಬಾಯಿ ಮೈಕ್ ಕಡೆಗೇ ಇಟ್ಟು ನೋಡಿ.

ಕೈ ನಡುಗೋರಿಗೆ ಸ್ಟ್ಯಾಂಡೇ ಸರಿ. ಮುಂಚೆ ಹೋಗಿ ನಿಮ್ಮ ಎತ್ತರಕ್ಕೆ ತಿರುಪು ಹೊಂದಿಸೋದು ಹೇಗೆ ಅಂತ ಒಂದ್ಸಲ ನೋಡ್ಕೊಳ್ಳಿ. ಪೋಡಿಯಂ ಇದ್ರೆ ಇನ್ನೂ ಒಳ್ಳೇದು, ಕಾರ್ಡ್ ಅದರ ಮೇಲೆ ಮಲಗಿರುತ್ತೆ.

ಟೈಲ್ಸು, ಗಾಜು, ಎತ್ತರದ ಚಾವಣಿ ಇರೋ ಹಾಲಲ್ಲಿ ಗುಂಯ್‌ಗುಡೋದು ಸಹಜ. 100 ಅಡಿ ಉದ್ದದ ಹಾಲ್ ಆದ್ರೆ ಹಿಂದಿನ ಗೋಡೆಗೆ ಬಡಿದ ನಿಮ್ಮ ದನಿ ಸೆಕೆಂಡಿನ ಐದರಲ್ಲೊಂದು ಪಾಲು ತಡವಾಗಿ ವಾಪಸ್ ಬರುತ್ತೆ. ಅದನ್ನ ಕೇಳಿಸಿಕೊಂಡು ಮಾತಾಡಿದ್ರೆ ನಾಲಿಗೆ ತೊಡರುತ್ತೆ. ಮದ್ದು ಒಂದೇ: ಚಿಕ್ಕ ವಾಕ್ಯ, ಪ್ರತಿ ವಾಕ್ಯದ ಕೊನೆಗೆ ಒಂದು ತಡೆ. ಖಾಲಿ ಹಾಲಲ್ಲಿ ಟ್ರಯಲ್ ನೋಡಿದಾಗ ಇನ್ನೂ ಕೆಟ್ಟದಾಗಿ ಕೇಳುತ್ತೆ, ಎದೆಗುಂದಬೇಡಿ. ಜನ ಕೂತ ಮೇಲೆ ಅವರ ಮೈ, ಬಟ್ಟೆ ಸದ್ದು ಹೀರಿಕೊಳ್ಳುತ್ತೆ. ಶೀಟ್ ಚಾವಣಿ ಇದ್ದು ಮಳೆ ಹೊಡೆದ್ರೆ ಯಾವ ಮೈಕೂ ಏನೂ ಮಾಡಲ್ಲ, ಅರ್ಧ ನಿಮಿಷ ನಿಂತು ನೋಡಿ.

ಕರೆಂಟ್ ಹೋದ್ರೆ ಅಲ್ಲೇ ನಿಲ್ಲಿ. ಜನರೇಟರ್ ಹಿಡಿಯೋ ತನಕ ಕಾರ್ಡ್ ನೋಡ್ಕೊಳ್ಳಿ. ಬಂದ ಮೇಲೆ ಹಿಂದಿನ ವಾಕ್ಯದಿಂದ ಶುರು.

ಬೇಲೂರು ನಿರೂಪಕಿ

ಅಣ್ಣ, ಮೇಷ್ಟ್ರು ಹೇಳಿದ್ದರಲ್ಲಿ ಒಂದು ಬಿಟ್ಟುಹೋಗಿದೆ: ಪ್ರಾಸ್ತಾವಿಕ ಅಂದರೆ ಏನು ಅನ್ನೋದು. ಅದು ವಿಷಯ ಮಂಡನೆ ಅಲ್ಲ. ವಿಜ್ಞಾನಿ ಹೇಳಬೇಕಾದ್ದನ್ನೆಲ್ಲ ನೀವೇ ಹೇಳಿಬಿಟ್ಟರೆ ಅವರಿಗೂ ಕಷ್ಟ, ನಿಮಗೂ ಏಳು ನಿಮಿಷ ಸಾಲಲ್ಲ. ಯಾಕೆ ಸೇರಿದ್ದೇವೆ, ಕಷ್ಟ ಏನು, ಇವತ್ತು ಏನು ಸಿಗಬೇಕು, ಈ ಮೂರೇ. ನಿಮ್ಮ ವಿಷಯಕ್ಕೆ ಹೀಗೆ ಹೊಂದಿಸಬಹುದು. ಒಂದು, ಈ ಹುಳು 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡಿತು, ಕೊಯ್ಲು ಮುಗಿದ ಮೇಲೆ ಗಿಡದಲ್ಲಿ ಉಳಿದ, ನೆಲಕ್ಕೆ ಉದುರಿದ ಹಣ್ಣಿನೊಳಗೆ ಕೂತು ಮುಂದಿನ ಫಸಲಿಗೆ ದಾಟುತ್ತದೆ. ಎರಡು, ಒಬ್ಬರು ಹೆಕ್ಕಿಸಿ ಪಕ್ಕದ ತೋಟದವರು ಬಿಟ್ಟರೆ ಪ್ರಯೋಜನ ಕಡಿಮೆ, ಹಾಗಾಗಿ ಇದು ಸಂಘದ ಕೆಲಸ. ಮೂರು, ಇವತ್ತು ವಿಜ್ಞಾನಿಗಳಿಂದ ನಮಗೆ ಈ ಎರಡು ಪ್ರಶ್ನೆಗೆ ಉತ್ತರ ಬೇಕು. ಆ ಪ್ರಶ್ನೆ ಯಾವುದು ಅಂತ ನಿಮಗೇ ಗೊತ್ತಿರುತ್ತೆ.

ಶುರು ಮಾಡುವಾಗ "ನಾನು ಭಾಷಣಗಾರನಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ" ಬೇಡವೇ ಬೇಡ. ಅದು ವಿನಯ ಅಂತ ನಾವು ಅಂದುಕೊಳ್ಳುತ್ತೇವೆ, ಕೇಳುವವರು ಅಲ್ಲಿಂದಲೇ ತಪ್ಪು ಹುಡುಕೋಕೆ ಕೂರ್ತಾರೆ. ಬದಲಿಗೆ ಇದನ್ನು ಬಾಯಿಪಾಠ ಮಾಡಿ: "ಎಲ್ಲರಿಗೂ ನಮಸ್ಕಾರ. ಕಳೆದ ಸಲ ಕೊಯ್ಲು ಮುಗಿದ ಮೇಲೆ ಗಿಡದಲ್ಲಿ ಉಳಿದ ಹಣ್ಣನ್ನು ಪೂರ್ತಿ ಹೆಕ್ಕಿಸಿದವರು ಎಷ್ಟು ಜನ ಇದ್ದೀರಿ? ಒಂದು ಸಲ ಕೈ ಎತ್ತಿ." ಜನ ಕೈ ಎತ್ತಿ ಅಕ್ಕಪಕ್ಕ ನೋಡುವಷ್ಟರಲ್ಲಿ ನಿಮಗೆ ಐದಾರು ಸೆಕೆಂಡು ಉಸಿರಾಡೋಕೆ ಸಿಗುತ್ತೆ, ಕಣ್ಣುಗಳೆಲ್ಲ ನಿಮ್ಮಿಂದ ಒಂದು ಕ್ಷಣ ಬೇರೆ ಕಡೆ ಹೋಗುತ್ತೆ. ಯಾರೂ ಎತ್ತದಿದ್ದರೆ? "ಇದಕ್ಕೇ ಇವತ್ತಿನ ಸಭೆ" ಅನ್ನಿ. ಎರಡಕ್ಕೂ ಸಿದ್ಧವಾಗಿರದೆ ಪ್ರಶ್ನೆ ಕೇಳಲೇಬಾರದು.

ಗಣ್ಯರ ಹೆಸರು ಇನ್ನೊಂದು ಬಲೆ. ಸ್ವಾಗತ ಭಾಷಣದಲ್ಲಿ ಎಲ್ಲ ಹೆಸರೂ ಒಂದು ಸುತ್ತು ಬಂದಿರುತ್ತೆ. ನೀವು "ಅಧ್ಯಕ್ಷರೇ, ವೇದಿಕೆಯ ಮೇಲಿನ ಎಲ್ಲ ಗಣ್ಯರೇ, ಬೆಳೆಗಾರ ಬಂಧುಗಳೇ" ಅಂದು ಮುಗಿಸಿ, ಒಂದು ನಿಮಿಷ ಉಳಿಯುತ್ತೆ. ಹೆಸರು ಹೇಳಲೇಬೇಕು ಅಂತ ಸಂಘದವರು ಹಟ ಹಿಡಿದರೆ, ಸಭೆಗೆ ಹತ್ತು ನಿಮಿಷ ಮುಂಚೆ ಕಾರ್ಯದರ್ಶಿ ಕೈಯಿಂದಲೇ ಬರೆಸಿಕೊಳ್ಳಿ. ಆಹ್ವಾನ ಪತ್ರಿಕೆ ನೋಡಿ ಓದಬೇಡಿ. ಅದರಲ್ಲಿರುವ ಇಬ್ಬರು ಬಂದಿರಲ್ಲ, ಇಲ್ಲದ ಒಬ್ಬರು ಬಂದು ಕೂತಿರ್ತಾರೆ. ಮಾತಿನ ನಡುವೆ ದೊಡ್ಡವರು ಯಾರಾದರೂ ಬಂದರೆ ನಿಲ್ಲಿಸಿ, "ನಮಸ್ಕಾರ, ಬನ್ನಿ ಸರ್" ಅನ್ನಿ, ಅವರು ಕೂತ ಮೇಲೆ ಮುಂದುವರಿಸಿ. ಗದ್ದಲದ ಮೇಲೆ ಮಾತಾಡಿದ್ದು ವ್ಯರ್ಥ.

ಕಾರ್ಯಕ್ರಮ ತಡವಾಗಿ ಶುರುವಾಗೋದು ನಮ್ಮ ಕಡೆ ನಿಯಮ. ನಿರೂಪಣೆ ಮಾಡುವವರು "2 ನಿಮಿಷ" ಅಂತ ಚೀಟಿ ಕೊಟ್ಟುಬಿಡ್ತಾರೆ. ಹಾಗಾಗಿ ಎರಡು ನಿಮಿಷದ ಆವೃತ್ತಿಯೂ ಸಿದ್ಧ ಇರಲಿ: ಆರಂಭದ ವಾಕ್ಯಗಳು, ಎರಡನೆಯ ಅಂಶ, ಕೊನೆಯ ವಾಕ್ಯಗಳು.

ಭಾಷೆ ಬಗ್ಗೆ ಒಂದೇ ಮಾತು. ತೋಟದಲ್ಲಿ ಹೇಗೆ ಹೇಳ್ತೀರೋ ಹಾಗೇ. "ಕೀಟಬಾಧೆಯ ನಿಯಂತ್ರಣೋಪಾಯಗಳ ಅನುಷ್ಠಾನ" ಅಂತ ಬರೆದುಕೊಂಡು ಹೋದರೆ ನಾಲಿಗೆ ಅಲ್ಲೇ ಮುರಿಯುತ್ತೆ. ಹಕಾರ ಅಕಾರದ ಅಳುಕು ನಮ್ಮ ಹಾಸನ ಕಡೆಯವರಿಗೆ ಜಾಸ್ತಿ. ಹಣ್ಣು, ಹುಳು, ಹತೋಟಿ, ಹೆಕ್ಕು ಇಷ್ಟೇ ನಿಮ್ಮ ಭಾಷಣದಲ್ಲಿ ಮತ್ತೆ ಮತ್ತೆ ಬರೋದು, ಕಾರ್ಡಿನಲ್ಲಿ ಆ ಅಕ್ಷರಕ್ಕೆ ಕೆಂಪು ಗೆರೆ ಎಳೆದು ಹತ್ತು ಸಲ ಹೇಳಿಕೊಳ್ಳಿ.

ಸಕಲೇಶಪುರ 88

ಚಾಲ್ತಿಯಲ್ಲಿರೋ ಎರಡು ಸಲಹೆ ದಯವಿಟ್ಟು ಕೇಳಬೇಡಿ. ಜನರ ತಲೆ ಮೇಲಿನ ಗೋಡೆ ನೋಡಿ ಅಂತಾರೆ. ಮುಂದಿನ ಸಾಲಿನವರಿಗೆ ನೀವು ಫ್ಯಾನ್ ನೋಡ್ತಿರೋ ಹಾಗೆ ಕಾಣುತ್ತೆ. ಕನ್ನಡಿ ಮುಂದೆ ಅಭ್ಯಾಸ ಅಂತಾರೆ. ಗಮನ ಅರ್ಧ ಮುಖದ ಮೇಲೆ, ಅರ್ಧ ಮಾತಿನ ಮೇಲೆ. ಅದರ ಬದಲು ಎಡಕ್ಕೆ, ನಡುವೆ, ಬಲಕ್ಕೆ ಒಬ್ಬೊಬ್ಬರು ಪರಿಚಯದವರನ್ನ ಗುರುತಿಸಿಕೊಳ್ಳಿ. ಒಬ್ಬರನ್ನ ನೋಡಿ ಒಂದು ವಾಕ್ಯ ಪೂರ್ತಿ ಹೇಳಿ, ಆಮೇಲೆ ಇನ್ನೊಬ್ಬರು. ನಮ್ಮ ಸಭೆಗಳಲ್ಲಿ ಹಿಂದಿನ ಸಾಲು ಮೊದಲು ತುಂಬೋದು, ಮುಂದಿನ ಸೋಫಾ ಖಾಲಿ. ಮೂವರು ಗೆಳೆಯರಿಗೆ ಎರಡನೇ ಮೂರನೇ ಸಾಲಲ್ಲಿ ಕೂರೋಕೆ ಮುಂಚೆನೇ ಹೇಳಿ. ಕುವೆಂಪು ಕಲಾಮಂದಿರದಲ್ಲೋ ಹಾಸನಾಂಬ ಕಲಾಕ್ಷೇತ್ರದಲ್ಲೋ ಆದ್ರೆ ಲೈಟ್ ಕಣ್ಣಿಗೆ ಬಡಿದು ಹಿಂದಿನವರು ಕಾಣದೇ ಇರಬಹುದು, ಆಗ ಕತ್ತಲಲ್ಲೇ ಮೂರು ಜಾಗ ಇಟ್ಟುಕೊಳ್ಳಬೇಕು. ಮಂಟಪದಲ್ಲಿ ಆ ಸಮಸ್ಯೆ ಇಲ್ಲ.

ನಡುಕ ಎಲ್ಲರಿಗೂ ಕಾಣುತ್ತೆ ಅಂದ್ರಲ್ಲ, ನೀವು ಎಣಿಸಿದಷ್ಟು ಕಾಣಲ್ಲ. ಸವಿಟ್ಸ್ಕಿ ಮತ್ತು ಗಿಲೋವಿಚ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ ವಿಷಯದ್ದು. ಒಳಗಿನ ಗಾಬರಿ ಹೊರಗೆ ಅಷ್ಟಾಗಿ ಕಾಣಲ್ಲ ಅಂತ ಮುಂಚೆ ತಿಳಿಸಿ ಹೇಳಿದ ಗುಂಪಿನವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದ್ರು, ಕೇಳಿದವರೂ ಹಾಗೇ ಅಂಕ ಕೊಟ್ರು.

ಗೋಣಿಬೀಡು ತೋಟ

ಎಲ್ಲರಿಗೂ ಧನ್ಯವಾದ. ಲಗ್ನಪತ್ರಿಕೆ ಮನೇಲಿ ಒಂದು ಕಟ್ಟು ಇದೆ. ಇನ್ನೆರಡು ಅನುಮಾನ. ಮಧ್ಯದಲ್ಲಿ ಪೂರ್ತಿ ಖಾಲಿ ಆಗಿಬಿಟ್ರೆ ಏನು ಮಾಡೋದು? ಮತ್ತೆ ಒಬ್ಬರು "ಒಂದು ಮಾತ್ರೆ ಇದೆ, ಅರ್ಧ ಗಂಟೆ ಮುಂಚೆ ನುಂಗಿ, ನಡುಕ ಹತ್ತಿರ ಬರಲ್ಲ" ಅಂತಿದ್ದಾರೆ. ತಗೋಬಹುದಾ?

ಕೊಪ್ಪದ ಮೇಷ್ಟ್ರು

ಖಾಲಿಯಾದರೆ ಮೊದಲು ಬಾಯಿ ಮುಚ್ಚಿ. ನಿಜವಾಗಿ. ಬಾಯಿ ತೆರೆದಿದ್ದರೆ "ಅದೂ... ಏನಂದ್ರೆ... ಆಮೇಲೆ..." ತಾನಾಗಿ ಉದುರುತ್ತದೆ. ಕಾರ್ಡ್ ನೋಡಿ, ಒಂದು ಉಸಿರು ಬಿಡಿ, ಹಿಂದೆ ಹೇಳಿದ ವಾಕ್ಯವನ್ನೇ ಒತ್ತಿ ಇನ್ನೊಂದು ಸಲ ಹೇಳಿ. ಮುಂದಿನದು ಹೆಚ್ಚಾಗಿ ಅದರ ಹಿಂದೆಯೇ ಬರುತ್ತದೆ. ಬರದಿದ್ದರೆ ಮುಂದಿನ ಕಾರ್ಡಿಗೆ ಹಾರಿ. ಏನು ಬಿಟ್ಟಿರಿ ಎಂದು ನಿಮ್ಮ ಹೊರತು ಯಾರಿಗೂ ತಿಳಿಯುವುದಿಲ್ಲ. ಮೂರು ಸೆಕೆಂಡಿನ ಮೌನ ನಿಂತವರಿಗೆ ಮೂರು ನಿಮಿಷ ಅನ್ನಿಸುತ್ತದೆ, ಕೂತವರಿಗೆ ತೂಕದ ಮಾತಿಗೆ ಮುನ್ನಿನ ತಡೆಯಂತೆ ಕೇಳುತ್ತದೆ. "ಮರೆತುಹೋಯ್ತು" ಎಂದು ಮೈಕಿನಲ್ಲಿ ಹೇಳುವ ಅಗತ್ಯವೇ ಇಲ್ಲ. ಈ ಬಿದ್ದು ಏಳುವುದನ್ನೂ ಅಭ್ಯಾಸ ಮಾಡಬೇಕು: ಮನೆಯಲ್ಲಿ ಹೇಳುತ್ತಿರುವಾಗ ಮಗುವಿಗೆ ನಡುವೆ ಚಪ್ಪಾಳೆ ತಟ್ಟಲು ಹೇಳಿ, ಅಲ್ಲೇ ನಿಂತು ಮತ್ತೆ ಹಿಡಿದುಕೊಳ್ಳಿ.

ಮಾತ್ರೆ ಎಂದದ್ದು ಬಹುಶಃ ಪ್ರೊಪ್ರನೊಲಾಲ್. ಅದು ಎದೆಬಡಿತ, ಕೈನಡುಕ ಇಳಿಸುತ್ತದೆ ಎನ್ನುವುದು ನಿಜ. ಆದರೆ ಅಸ್ತಮಾ ಇರುವವರಿಗೆ ಅಪಾಯ, ಬಿಪಿ ಅಥವಾ ನಾಡಿಬಡಿತ ಮೊದಲೇ ಕಡಿಮೆ ಇರುವವರಿಗೂ ತೊಂದರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿದ ಸೂಚನೆಯನ್ನೇ ಮುಚ್ಚಿಡುತ್ತದೆ. ಇನ್ನೊಬ್ಬರ ಜೇಬಿನ ಮಾತ್ರೆ ನುಂಗುವುದು ತಪ್ಪು. ಬೇಕೆನಿಸಿದರೆ ವೈದ್ಯರನ್ನು ಕೇಳಿ. ಅವರು ಕೊಟ್ಟರೂ ಮೊದಲ ಸಲ ನುಂಗುವುದು ಸಭೆಯ ದಿನ ಆಗದಿರಲಿ. "ಸ್ವಲ್ಪ ಹಾಕಿಕೊಂಡು ಹೋಗಿ" ಎನ್ನುವವರೂ ಸಿಗುತ್ತಾರೆ. ಕುಡಿದರೆ ನಾಲಿಗೆ ತೊದಲುತ್ತದೆ, ಸಮಯದ ಅಂದಾಜು ತಪ್ಪುತ್ತದೆ, ವಾಸನೆ ಮೊದಲು ಮುಟ್ಟುವುದು ಪಕ್ಕದ ಕುರ್ಚಿಯ ಶಾಸಕರಿಗೆ.

ಇದನ್ನು ಓದುತ್ತಿರುವ ಬೇರೆಯವರಿಗೆ: ಭಾಷಣ ಒಂದೇ ಅಲ್ಲ, ನಾಲ್ಕು ಜನರ ನಡುವೆ ಮಾತಾಡುವುದಕ್ಕೂ ಹೆದರಿ ಮದುವೆ, ಸಭೆ, ಸಂದರ್ಶನಗಳನ್ನೇ ತಪ್ಪಿಸಿಕೊಳ್ಳುತ್ತಿದ್ದರೆ ಉಸಿರಾಟದ ಸಲಹೆ ಸಾಲದು. ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಬೇಲೂರು ನಿರೂಪಕಿ

ಮುಗಿಸೋದರ ಬಗ್ಗೆ ಯಾರೂ ಹೇಳಲಿಲ್ಲ. "ಇಷ್ಟು ಹೇಳಿ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ" ಅಂದಮೇಲೆ ನಿಜವಾಗಿ ಮುಗಿಸಬೇಕು. ಅಲ್ಲಿಂದ ಹೊಸ ಅಂಶ ಶುರುವಾದರೆ ಜನ ಎದ್ದು ಊಟದ ಹಾಲ್ ಕಡೆ ನೋಡ್ತಾರೆ. ನಿಮ್ಮ ಮುಕ್ತಾಯ ವಿಜ್ಞಾನಿಗಳಿಗೆ ಕೇಳುವ ಆ ಎರಡು ಪ್ರಶ್ನೆಯೇ ಆಗಲಿ. ಆಮೇಲೆ "ನಮಸ್ಕಾರ", ಒಂದು ಕ್ಷಣ ನಿಂತು, ಕಾರ್ಡ್ ಎತ್ತಿಕೊಂಡು ಬನ್ನಿ. ಕೊನೆಯ ಪದ ಬಾಯಲ್ಲಿರುವಾಗಲೇ ಕುರ್ಚಿ ಕಡೆ ತಿರುಗೋದು ಗಾಬರಿಯಾದವರ ಮೊದಲ ಗುರುತು.

ಹಾಸನ ಸೌಂಡ್ಸ್

ಹಾಗೆ ಬರುವಾಗ ಕಾರ್ಡ್‌ಲೆಸ್ ಮೈಕ್ ಕೈಲಿದ್ರೆ ಆಫ್ ಮಾಡಿ ಮೇಜಿನ ಮೇಲೆ ಇಟ್ಟು ಬನ್ನಿ. ಆನ್ ಇದ್ದಾಗಲೇ "ಅಬ್ಬಾ, ಮುಗೀತಪ್ಪ" ಅಂದ್ರೆ 150 ಜನಕ್ಕೂ ಕೇಳುತ್ತೆ.